ಕತ್ತಿನ ಡಿಸ್ಕ್ ಬದಲಿಸುವ ಮುನ್ನ: ಮಗಳಿಗೊಂದು ಪತ್ರ

ಶಿಡ್ಲಘಟ್ಟ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

"ಕೃತಕ ಡಿಸ್ಕ್ ಹಾಕಿಸಿಕೊಂಡುಬಿಡಮ್ಮ, ಇನ್ನೆಷ್ಟು ದಿನ ನರಳುತ್ತೀಯ" ಎಂದು ನೀನು ಕೇಳಿದಾಗ ನಾನು ಸುಮ್ಮನಾದದ್ದನ್ನು ಭಯವೆಂದು ತಿಳಿಯಬೇಡ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ರೇಷ್ಮೆ ಹುಳುಮನೆಯಲ್ಲಿ ತಲೆ ಬಗ್ಗಿಸಿ ಸೊಪ್ಪು ಹಾಕಿದವಳಿಗೆ ಕತ್ತುನೋವು ಹೊಸದೇನಲ್ಲ. ಆದರೆ ಕಳೆದ ಬೆಳೆಯಲ್ಲಿ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವಾಗ, ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಹುಳುವಿನ ತಣ್ಣನೆಯ ಮೈ ತಾಕಿದ್ದೇ ತಿಳಿಯಲಿಲ್ಲ. ಹಿಡಿದೆನೆಂದುಕೊಂಡ ಹುಳು ಸೊಪ್ಪಿನ ಮೇಲೆಯೇ ಇತ್ತು. ಕತ್ತಿನ ಏಳು ಮೂಳೆಗಳಲ್ಲಿ ಐದನೆಯದಕ್ಕೂ ಆರನೆಯದಕ್ಕೂ ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಚಾಚಿ, ಆ ಎರಡು ಬೆರಳುಗಳವರೆಗೆ ಇಳಿಯುವ ನರವನ್ನು ಒತ್ತುತ್ತಿದೆಯೆಂದು ಸ್ಕ್ಯಾನ್ ತೋರಿಸಿತು.

ಮೊದಲು ನೋಡಿದ ಡಾಕ್ಟರು ಮುಂದಿನ ವಾರವೇ ಆಪರೇಷನ್ ಎಂದರು, ಕತ್ತುನೋವು ಪೂರ್ತಿ ಹೋಗುತ್ತದೆಂದೂ ಹೇಳಿದರು. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಎರಡನೆಯವರು ಸಮಾಧಾನದಿಂದ ಕೂರಿಸಿಕೊಂಡು, ಈ ಶಸ್ತ್ರಚಿಕಿತ್ಸೆಯ ಉದ್ದೇಶ ಮುಖ್ಯವಾಗಿ ನರದ ಮೇಲಿನ ಒತ್ತಡ ತೆಗೆಯುವುದೇ ಹೊರತು ಹಳೆಯ ಕತ್ತುನೋವಿಗೆ ಅಷ್ಟೇ ಭರವಸೆ ಕೊಡಲಾಗದೆಂದು ತಿಳಿಸಿದರು. ಕತ್ತಿನ ಮುಂಭಾಗದಿಂದ ಒಳಹೋಗಿ ಕೆಟ್ಟ ಡಿಸ್ಕ್ ತೆಗೆದ ಮೇಲೆ, ಎರಡೂ ಮೂಳೆಗಳನ್ನು ಬೆಸೆದರೆ ಅಲ್ಲಿ ಚಲನೆ ನಿಂತುಹೋಗುತ್ತದೆ. ಕೃತಕ ಡಿಸ್ಕ್ ಇಟ್ಟರೆ ಆ ಜಾಗದ ಚಲನೆ ಉಳಿಯುತ್ತದೆ, ಮೇಲಿನ ಕೆಳಗಿನ ಡಿಸ್ಕ್‌ಗಳ ಮೇಲೆ ಹೊರೆ ಕಡಿಮೆಯಾಗಲೆಂಬ ಆಶಯವೂ ಅದರಲ್ಲಿದೆ. ಅಮೆರಿಕದಲ್ಲಿ ಇದಕ್ಕೆ 2007ರಲ್ಲೇ ಅನುಮತಿ ಸಿಕ್ಕಿರುವುದರಿಂದ ಹೊಸ ಪ್ರಯೋಗವೆಂಬ ಅಂಜಿಕೆ ನನಗಿಲ್ಲ. ಆಪರೇಷನ್ ಆದ ಮೇಲೆ ಕೆಲವು ದಿನ ನುಂಗಲು ಕಷ್ಟವಾಗಬಹುದು, ಧ್ವನಿ ಒಡೆಯಬಹುದು, ಅದನ್ನೂ ಸಹಿಸಿಯೇನು.

ನನ್ನ ಅನುಮಾನ ಇರುವುದು ನನ್ನ ಮೂಳೆಗಳ ಮೇಲೆ. ಮುಟ್ಟು ನಿಂತು ಹತ್ತು ವರ್ಷವಾಗಿದೆ. ಮೂಳೆ ಟೊಳ್ಳಾಗಿದ್ದರೆ ಕೃತಕ ಡಿಸ್ಕ್ ಅದರೊಳಕ್ಕೆ ಕುಸಿಯುವ ಅಪಾಯವಿದೆ. ಕತ್ತಿನ ಹಿಂಭಾಗದ ಕೀಲುಗಳು ತೀರಾ ಸವೆದಿದ್ದರೂ ಅದು ಹೊಂದುವುದಿಲ್ಲ. ಆದ್ದರಿಂದ ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸುತ್ತೇನೆ. ಹೀಗೆ ಒತ್ತಿದ ನರ ಎಷ್ಟೋ ಜನರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಆಪರೇಷನ್ ಇಲ್ಲದೆಯೇ ಸುಧಾರಿಸುತ್ತದಂತೆ. ಅದಕ್ಕೇ ಫಿಸಿಯೋಥೆರಪಿಗೆ ಹೋಗುತ್ತಿದ್ದೇನೆ, ಈ ಬೆಳೆಗೆ ಹುಳುವಿನ ಕೆಲಸಕ್ಕೆ ಆಳು ಹಚ್ಚಿದ್ದೇನೆ.

ಒಂದು ಮಾತು ಮಾತ್ರ ನಿನ್ನಿಂದ ಮುಚ್ಚಿಡುವುದಿಲ್ಲ. ಕೈಯಲ್ಲಿ ಬಲ ಇಳಿಯುತ್ತಾ ಹೋದರೆ, ರವಿಕೆಯ ಗುಂಡಿ ಹಾಕಲು ಕೈ ತಡವರಿಸಿದರೆ, ನಡೆಯುವಾಗ ಕಾಲು ತೊಡರಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಆಗ ಬೆಳೆಯನ್ನೂ ಹಬ್ಬವನ್ನೂ ನೋಡದೆ ಅಂದೇ ಹೊರಡುತ್ತೇನೆ. ದಿನಾ ಬೆಳಿಗ್ಗೆ ಗುಂಡಿ ಹಾಕುವಾಗ ಗಮನಿಸುತ್ತಿದ್ದೇನೆ, ಇದುವರೆಗೆ ಸರಿಯಾಗಿದೆ.

ನೀನು ಬರುವಾಗ, ಎರಡು ವರ್ಷದ ಹಿಂದೆ ಅಲ್ಲಿ ತೆಗೆಸಿದ ಕತ್ತಿನ ಎಕ್ಸ್‌ರೇ ನಿನ್ನ ಬೀರುವಿನಲ್ಲಿದೆ, ಮರೆಯದೆ ತಾ. ಹೊಸದರ ಪಕ್ಕದಲ್ಲಿಟ್ಟು ನೋಡಬೇಕೆಂದು ಡಾಕ್ಟರು ಕೇಳಿದ್ದಾರೆ.

ಇಂತಿ,
ನಿನ್ನ ಅಮ್ಮ