ಮೈಕ್ ಹಿಡಿಯಲು ಹಿಂಜರಿಯುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ, ಪರವಾನಗಿಯೂ ಕಾಲ್‌ಸೈನೂ (ಪ್ರಸಾರದಲ್ಲಿ ನಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು) ಕೈಸೇರಿ ಐದು ತಿಂಗಳಾದರೂ ಒಮ್ಮೆಯೂ ಪ್ರಸಾರದ ಗುಂಡಿ ಒತ್ತಿಲ್ಲವೆಂದು ಕಳೆದ ವಾರ ನೀನು ಫೋನಿನಲ್ಲಿ ಹೇಳಿದೆ. "ಏನು ಮಾತಾಡಬೇಕೆಂದೇ ತೋಚುವುದಿಲ್ಲ, ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ" ಎಂದ ನಿನ್ನ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ. ನಮ್ಮ ಹ್ಯಾಮ್ ಕ್ಲಬ್ಬಿನಲ್ಲಿ ನವೆಂಬರ್ ತನಕ ನಡೆಯಲಿರುವುದನ್ನೆಲ್ಲ ಬರೆದು ಕಳಿಸಿದರೆ ನಿನಗೆ ಒಗ್ಗುವುದನ್ನು ನೀನೇ ಆರಿಸಿಕೊಳ್ಳಬಹುದೆಂದು ಈ ಪತ್ರ. ನಿನ್ನಂತೆಯೇ ಹೊಸ್ತಿಲಲ್ಲಿ ನಿಂತವರು ಇನ್ನೂ ಹಲವರಿರುವುದರಿಂದ, ನೀನು ಒಪ್ಪಿರುವಂತೆ ಇದನ್ನು ಎಲ್ಲರೂ ಓದಲೆಂದು ಹಂಚಿಕೊಳ್ಳುತ್ತಿದ್ದೇನೆ.

ಈ ತಿಂಗಳ ಕೊನೆಯ ಶನಿವಾರ ಆಂಟೆನಾ ಕಟ್ಟುವ ದಿನ. 40 ಮೀಟರ್ ಬ್ಯಾಂಡಿಗೆ (ಸುಮಾರು 40 ಮೀಟರ್ ಅಲೆಯುದ್ದದ ಆವರ್ತನಗಳಿಗೆ) ಅರ್ಧತರಂಗದ ಡೈಪೋಲ್, ಅಂದರೆ ಅಲೆಯ ಅರ್ಧದಷ್ಟು ಉದ್ದದ, ಎರಡು ತೋಳುಗಳ ತಂತಿಯ ಆಂಟೆನಾ ಮಾಡಲಿದ್ದೇವೆ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ ಎಂಬ ಲೆಕ್ಕವನ್ನು ನೀನು ಪರೀಕ್ಷೆಗಾಗಿ ಓದಿರುತ್ತೀಯೆ, 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 20.1 ಮೀಟರ್, ಅಂದರೆ ಒಂದೊಂದು ತೋಳು ಹತ್ತು ಮೀಟರಿಗಿಂತ ತುಸು ಹೆಚ್ಚು. ಆದರೆ ತಂತಿಯ ಮೇಲಿನ ಹೊದಿಕೆ, ನೆಲದಿಂದಿರುವ ಎತ್ತರ, ಹತ್ತಿರದ ಮರ ಮತ್ತು ಗೋಡೆ ಎಲ್ಲವೂ ಆ ಲೆಕ್ಕವನ್ನು ಅಷ್ಟಿಷ್ಟು ಅಲುಗಿಸುತ್ತವೆ. ಕಳೆದ ವರ್ಷ ನಾವು ಲೆಕ್ಕದ ಉದ್ದಕ್ಕೇ ತಂತಿ ಕತ್ತರಿಸಿ ಮೇಲೇರಿಸಿದಾಗ ಅದು ನಮಗೆ ಬೇಕಾದ ಆವರ್ತನಕ್ಕಿಂತ ಮೇಲೆ ಅನುರಣಿಸಿತು, ಇಡೀ ಮಧ್ಯಾಹ್ನ ತುಂಡು ಸೇರಿಸಿ ಬೆಸುಗೆ ಹಾಕುವುದರಲ್ಲೇ ಕಳೆಯಿತು. ಅದಕ್ಕಾಗಿ ಈ ಸಲ ಪ್ರತಿ ತೋಳಿಗೂ ಅರ್ಧ ಮೀಟರ್ ಹೆಚ್ಚು ಬಿಟ್ಟು, ಮೇಲೇರಿಸಿ ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತಿದೆ ಎಂಬುದರ ಸೂಚ್ಯಂಕ) ಅಳೆದು, ಕೆಳಗಿಳಿಸಿ, ಎರಡೂ ತೋಳುಗಳನ್ನು ಸಮನಾಗಿ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬರಲಿದ್ದೇವೆ. ಓದಿ ತಿಳಿದದ್ದು ಕೈಗೆ ಇಳಿಯುವುದು ಇಂಥ ಏರಿಸಿ ಇಳಿಸುವ ಕೆಲಸದಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ನೀನು ಅಳತೆ ಟೇಪಿನೊಂದಿಗೆ ಬಾ, ಉಳಿದ ಸಾಮಾನು ಕ್ಲಬ್ಬಿನಲ್ಲಿದೆ.

ಅದರ ಮುಂದಿನ ವಾರ ಫಾಕ್ಸ್ ಹಂಟ್. ಒಬ್ಬರು ಪುಟ್ಟ ಟ್ರಾನ್ಸ್‌ಮಿಟರ್ ಒಂದನ್ನು ಎಲ್ಲೋ ಬಚ್ಚಿಡುತ್ತಾರೆ. ಅದು 2 ಮೀಟರ್ ಬ್ಯಾಂಡಿನಲ್ಲಿ ಆಗಾಗ ಮೋರ್ಸ್ ಸಂಕೇತ ಕಳಿಸುತ್ತಿರುತ್ತದೆ, ಉಳಿದವರು ದಿಕ್ಕು ಹಿಡಿದು ಅದನ್ನು ಹುಡುಕಬೇಕು. ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ ಪಿವಿಸಿ ಕೊಳವೆಗೆ ಬಿಗಿದು ಮಾಡಿದ ಮೂರು ಕಡ್ಡಿಗಳ, ಒಂದು ದಿಕ್ಕಿನಿಂದ ಹೆಚ್ಚು ಕೇಳುವ ಯಾಗಿ ಆಂಟೆನಾ ಇದಕ್ಕೆ ಸಾಕು, ಪೊದೆಗೆ ಸಿಕ್ಕಿದರೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ದೂರದಲ್ಲಿದ್ದಾಗ ಎರಡು ಮೂರು ಕಡೆಯಿಂದ ದಿಕ್ಕು ನೋಡಿ ನಕ್ಷೆಯ ಮೇಲೆ ಗೆರೆ ಎಳೆದರೆ ಅವು ಕೂಡುವ ಜಾಗದ ಸುತ್ತ ಹುಡುಕಬಹುದು. ನಿಜವಾದ ಕಷ್ಟ ಶುರುವಾಗುವುದು ಹತ್ತಿರ ಬಂದ ಮೇಲೆ. ಸಂಕೇತ ಎಷ್ಟು ಬಲವಾಗುತ್ತದೆಂದರೆ ಆಂಟೆನಾವನ್ನು ಯಾವ ಕಡೆ ತಿರುಗಿಸಿದರೂ ಮೀಟರಿನ ಮುಳ್ಳು ಕೊನೆಯಲ್ಲೇ ನಿಂತಿರುತ್ತದೆ. ಆಗ ಸಂಕೇತವನ್ನು ಕುಗ್ಗಿಸುವ ಅಟೆನ್ಯುಯೇಟರ್ ಹಾಕಬೇಕು, ಅದಿಲ್ಲದಿದ್ದರೆ ಆವರ್ತನವನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು, ಇಲ್ಲವೇ ಆಂಟೆನಾ ಕಳಚಿ ಬರಿಯ ಸೆಟ್ಟನ್ನು ಎದೆಗಾನಿಸಿಕೊಂಡು ನಿಧಾನವಾಗಿ ಸುತ್ತಬೇಕು. ನಮ್ಮ ದೇಹವೇ ಮರೆಯಾಗಿ, ಸಂಕೇತ ಕುಗ್ಗಿದಾಗ ಅದು ಬೆನ್ನ ಹಿಂದಿದೆ ಎಂದು ಗೊತ್ತಾಗುತ್ತದೆ. ಇದರಲ್ಲಿ ನೀನು ಒಂದು ಮಾತನ್ನೂ ಪ್ರಸಾರ ಮಾಡಬೇಕಾಗಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಬಂದ ಸಂಕೇತವನ್ನು ಮತ್ತೆ ಪ್ರಸಾರ ಮಾಡುವ ಯಂತ್ರ) ಕೇಳಲು ಒಂದು ಸಂಜೆಯನ್ನು ಮೀಸಲಿಟ್ಟಿದ್ದೇವೆ. ಅದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ಒಂದು ಸಲಕ್ಕೆ ಹತ್ತು ನಿಮಿಷದಷ್ಟು ಮಾತ್ರ ನಮ್ಮ ದಿಗಂತದ ಮೇಲಿರುತ್ತದೆ. ಅದರ ಪ್ರಸಾರ 437.800 ಮೆಗಾಹರ್ಟ್ಸ್‌ನಲ್ಲಿದ್ದರೂ ಡಾಪ್ಲರ್ ಪರಿಣಾಮದಿಂದಾಗಿ, ಅಂದರೆ ಅದರ ವೇಗದಿಂದ ಆವರ್ತನ ಬದಲಾದಂತೆ ಕೇಳಿಸುವುದರಿಂದ, ಅದು ಬರುವಾಗ ಹತ್ತು ಕಿಲೋಹರ್ಟ್ಸ್ ಮೇಲೆ ಕೇಳಲು ಆರಂಭಿಸಿ, ಹೋಗುವಾಗ ಅಷ್ಟೇ ಕೆಳಗೆ ಇಳಿಯಬೇಕು.

ತುರ್ತು ಸಂಪರ್ಕದ ಅಭ್ಯಾಸವೂ ಇದೆ: ಬ್ಯಾಟರಿಯ ಮೇಲಷ್ಟೇ ಸ್ಟೇಷನ್ ನಡೆಸಿ, ಬರೆದ ಸಂದೇಶಗಳನ್ನು ಅಕ್ಷರ ತಪ್ಪದಂತೆ ದಾಟಿಸುವುದು. ಪ್ರತಿ ಸಂದೇಶದ ತಲೆಯಲ್ಲಿ ಅದರ ಪದಗಳ ಸಂಖ್ಯೆ ಇರುತ್ತದೆ. ಬರೆದುಕೊಂಡವರು ಎಣಿಸಿ ನೋಡಿ, ಲೆಕ್ಕ ತಾಳೆಯಾದರೆ ಮಾತ್ರ ಸ್ವೀಕರಿಸಿದೆನೆಂದು ಹೇಳಬೇಕು. ಕ್ಲಬ್ಬಿನ ಎಲ್ಲ ಕೆಲಸಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ, ಏಕೆಂದರೆ ಫೋನಿನ ಜಾಲ ಕುಸಿದ ದಿನ ಒಂದು ಔಷಧಿಯ ಹೆಸರೋ ಒಂದು ವಿಳಾಸವೋ ಸರಿಯಾಗಿ ತಲುಪುವುದು ಈ ತಾಳ್ಮೆಯಿಂದಲೇ.

ಅಕ್ಟೋಬರಿನಲ್ಲಿ ಎರಡು ವಾರಾಂತ್ಯಗಳು ತುಂಬಿವೆ. ಮೂರನೆಯದರಲ್ಲಿ, 1958ರಿಂದ ನಡೆದುಬಂದಿರುವ ಜಾಂಬೂರಿ ಆನ್ ದಿ ಏರ್, ಅಂದರೆ ಸ್ಕೌಟ್‌ಗಳ ರೇಡಿಯೊ ಸಮಾವೇಶ. ಸ್ಕೌಟ್ ಮತ್ತು ಗೈಡ್ ಮಕ್ಕಳು ನಮ್ಮ ಸ್ಟೇಷನ್ನಿಗೆ ಬರಲಿದ್ದಾರೆ. ಕೊನೆಯದರಲ್ಲಿ, ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನು ಸಂಪರ್ಕಿಸುವ ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆ, ಬಿಡುವಿಲ್ಲದ 48 ಗಂಟೆ. ಸ್ಪರ್ಧೆಯೆಂದರೆ ಹೊಸಬರು ಹೆದರುತ್ತಾರೆ. ನನಗೆ ಮಾತ್ರ ಅದು ನಿನ್ನಂಥವರಿಗೇ ಹೇಳಿಮಾಡಿಸಿದ್ದೆನಿಸುತ್ತದೆ. ಅಲ್ಲಿ ಕಾಲ್‌ಸೈನ್ ಹೇಳಿದ ಮೇಲೆ ಹೇಳಬೇಕಾದದ್ದು ಎರಡೇ, "ಐದು ಒಂಬತ್ತು" (ಸ್ಪಷ್ಟವಾಗಿ, ಬಲವಾಗಿ ಕೇಳಿಸುತ್ತಿದೆ) ಎಂಬ ಸಂಕೇತದ ವರದಿ ಮತ್ತು ಪ್ರಪಂಚವನ್ನು ಹಂಚಿರುವ 40 ವಲಯಗಳಲ್ಲಿ ನಮ್ಮದರ ಸಂಖ್ಯೆ. ಏನು ಮಾತಾಡಬೇಕೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಸೌರಚಕ್ರ (ಸೂರ್ಯನ ಚಟುವಟಿಕೆಯ ಏರಿಳಿತ) ಇಳಿಮುಖವಾಗಿದ್ದರೂ 10 ಮೀಟರ್ ಬ್ಯಾಂಡ್ ಇನ್ನೂ ಹಗಲಿನಲ್ಲಿ ದೂರದ ಸಂಪರ್ಕಕ್ಕೆ ತೆರೆದುಕೊಳ್ಳುತ್ತಿದೆ, ಚಿಕ್ಕ ಆಂಟೆನಾದಿಂದಲೂ ಖಂಡ ದಾಟಬಹುದು.

ಇವೆಲ್ಲಕ್ಕೂ ಮೊದಲು ಈ ಭಾನುವಾರ ಬೆಳಿಗ್ಗೆ ಎಂದಿನಂತೆ ರಿಪೀಟರಿನ ಮೇಲೆ ನೆಟ್ (ಎಲ್ಲರೂ ಸರದಿಯಲ್ಲಿ ಹಾಜರಿ ಹೇಳುವ ರೇಡಿಯೊ ಭೇಟಿ) ಇದೆ, ಅದನ್ನು ನಡೆಸುವ ನೆಟ್ ಕಂಟ್ರೋಲಿನ ಸರದಿ ನನ್ನದು. ನೀನು ಮನೆಯಲ್ಲೇ ಕುಳಿತು ಕಾಲ್‌ಸೈನ್ ಮತ್ತು ಹೆಸರು ಹೇಳಿದರೆ ಸಾಕು, ಸಂಕೇತ ಹೇಗಿದೆಯೆಂದು ನಾನು ತಿಳಿಸಿ ಮುಂದಿನವರನ್ನು ಕರೆಯುತ್ತೇನೆ. ಎಲ್ಲರೂ ಹಾಜರಿ ಹಾಕಿದ ಮೇಲೆ ಇನ್ನಾರಾದರೂ ಇದ್ದೀರಾ ಎಂದು ಕೇಳಿ, ಹತ್ತು ಸೆಕೆಂಡು ಸುಮ್ಮನಿದ್ದು, ಮತ್ತೊಮ್ಮೆ ಕೇಳುತ್ತೇನೆ.

73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭ ಹಾರೈಕೆ),
ನಿನ್ನ ಗೆಳೆಯ