ಬ್ರೇಕ್ ಹಾಕಿದ್ದು ಹೇಗೆ?

ಪ್ರೀತಿಯ ಹುಡುಗಿ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರನ್ನು ಹಿಡಿಯುವ ಬಗೆ, ಇದನ್ನೆಲ್ಲ ಹೇಳಲು ಬೇಕಾದಷ್ಟು ಜನ ಇದ್ದಾರೆ. ನನಗೆ ಸಿಟ್ಟು ಬಂದಿದ್ದು ಬೇರೆ ಕಡೆ.

ಹತ್ತು ಸಾವಿರ ಟನ್ನಿನ ಬಾಹ್ಯಾಕಾಶ ನೌಕೆಯನ್ನು ಒಂದೇ ಪ್ಯಾರಾದಲ್ಲಿ, ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಗೆ ಹೊರಡಿಸಿಬಿಟ್ಟಿದ್ದೀಯ. ಅದು 4.24 ಜ್ಯೋತಿರ್ವರ್ಷ ದೂರ ಕಣೇ, ಬೆಳಕಿಗೇ ಅಲ್ಲಿ ತಲುಪಲು ನಾಲ್ಕು ವರ್ಷಕ್ಕಿಂತ ಜಾಸ್ತಿ ಬೇಕು! 1977ರಲ್ಲಿ ಹೊರಟ ನಾಸಾದ ಮಾನವರಹಿತ ನೌಕೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಅಷ್ಟು ದೂರ ಹೋಗಲು ಅದಕ್ಕೆ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ನೀನು ಬೆಳಕಿನ ವೇಗದ ಹತ್ತರಲ್ಲಿ ಒಂದು ಪಾಲು ಕೊಟ್ಟಿದ್ದೀಯ, ಇರಲಿ. ಆ ವೇಗಕ್ಕೆ ಬರೀ ಒಂದು ಕಿಲೋ ತೂಕವನ್ನು ತರಲು 12.5 ಕೋಟಿ ಯೂನಿಟ್ ಕರೆಂಟಿನಷ್ಟು ಶಕ್ತಿ ಬೇಕು. ನಿನ್ನ ಇಡೀ ನೌಕೆಗೆ? ಜಗತ್ತೆಲ್ಲ ಸೇರಿ ಈಗ ಉತ್ಪಾದಿಸುವ ಕರೆಂಟು, ಸುಮಾರು 40 ವರ್ಷದ್ದು. ಅದೂ ಚೂರೂ ಪೋಲಾಗದಿದ್ದರೆ. ತಲುಪಿದ ಮೇಲೆ ನಿಲ್ಲಿಸುವ ಲೆಕ್ಕ ಬೇರೆ.

ನಿಲ್ಲಿಸುವ ಮಾತು ಬಂದರೆ ನನಗೇ ನಾಚಿಕೆ. ನನ್ನ ಮೊದಲ ಕಾದಂಬರಿಯಲ್ಲೂ ನೌಕೆ ಹೀಗೇ ಹೋಗಿ ಇಳಿದಿತ್ತು. ಬಹುಮಾನವೂ ಬಂತು. ಆಗ ಓದುಗರೊಬ್ಬರು ಒಂದೇ ಸಾಲಿನ ಕಾರ್ಡು ಬರೆದರು: 'ಬ್ರೇಕ್ ಹಾಕಿದ್ದು ಹೇಗೆ?' ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಬರೆಯಬಹುದಿತ್ತು, ಅಲ್ವಾ? ಬರೆಯಲಿಲ್ಲ. ಆ ಕಾರ್ಡು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.

'ಇಷ್ಟು ಖರ್ಚು ಮಾಡಿ ಹೋಗುವುದು ಸರಿಯಾ?' ಅಂತ ಕೇಳಿದ್ದೀಯ. ಯಾರ ಖರ್ಚು? ಹೊರಟವರು ಒಪ್ಪಿಯೇ ಹತ್ತಿದವರು. 42 ವರ್ಷದ ದಾರಿಯಲ್ಲಿ ಹುಟ್ಟಿದವರನ್ನು ಯಾರು ಕೇಳಿದರು? ನಿನ್ನ ಏಳನೇ ಅಧ್ಯಾಯದಲ್ಲಿ ನೌಕೆಯಲ್ಲೇ ಹುಟ್ಟಿದ ಹುಡುಗನೊಬ್ಬ 'ಮಳೆ ಸದ್ದು ಹೇಗಿರುತ್ತೆ?' ಅನ್ನುತ್ತಾನೆ. ಅದನ್ನು ಓದಿ ಪುಸ್ತಕ ಮಡಚಿಟ್ಟು ಕೂತೆ. ನೀನೋ, ಎರಡೇ ಸಾಲಿಗೆ ಅವನ ಕೈಬಿಟ್ಟು ಧ್ವಜ ನೆಡಲು ಓಡಿದ್ದೀಯ! ಅಲ್ಲಿಳಿದ ಮೇಲೆ ಅವನು ಅದೇ ಪ್ರಶ್ನೆಯನ್ನು ಭೂಮಿಗೆ ಕಳಿಸಿದರೆ ಉತ್ತರ ಬರಲು ಎಂಟೂವರೆ ವರ್ಷ. ಅಷ್ಟರಲ್ಲಿ ಅವನಿಗೆ ಏನಾಗಿರುತ್ತದೆ? ಅದನ್ನು ಬರೆ.

ನನ್ನನ್ನು ಕೇಳಿದರೆ, ಸದ್ಯಕ್ಕೆ ಬೇಡ. ಸೂರ್ಯ ಸಾಯುತ್ತಾನೆ ಅಂತ ನಿನ್ನ ಕ್ಯಾಪ್ಟನ್ ಸುಮ್ನೆ ಹೆದರಿಸುತ್ತಾನೆ. ಸೂರ್ಯ ಇನ್ನೂ ಸುಮಾರು 500 ಕೋಟಿ ವರ್ಷ ಉರಿಯುತ್ತಾನೆ. ನೀನು ಹೋಗಲೇಬೇಕು ಅಂತ ಬರೆದರೂ ನನಗೆ ಬೇಸರವಿಲ್ಲ. ಆ ಹುಡುಗನಿಗೆ ಹತ್ತು ಪುಟ ಕೊಡು. ಅದನ್ನಷ್ಟೇ ಕಳಿಸು, ಓದುತ್ತೇನೆ. ಮುನ್ನುಡಿ ಮಾತ್ರ ಕೇಳಬೇಡ.