ಭಾನುವಾರದ ಮಾತುಕತೆ: ಸರ್ಪಸುತ್ತಿನ ಲಸಿಕೆ ಮತ್ತು ಮರೆವಿನ ಕಾಯಿಲೆ

ಡೊಂಬಿವಲಿ ಬಳಗದ ಎಲ್ಲರಿಗೂ ನಮಸ್ಕಾರ.

ಹೊಸ ಸಂಶೋಧನೆಗಳಲ್ಲಿ ಈ ಸಲ ಒಂದನ್ನೇ ಆರಿಸಿದ್ದೇವೆ. 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು. ವೇಲ್ಸ್‌ನಲ್ಲಿ 2013ರಲ್ಲಿ ಸರ್ಪಸುತ್ತಿನ ಲಸಿಕೆ ಶುರುವಾದಾಗ, 1933ರ ಸೆಪ್ಟೆಂಬರ್ 2ಕ್ಕೆ ಮೊದಲು ಹುಟ್ಟಿದವರಿಗೆ ಅದು ಸಿಗಲಿಲ್ಲ. ಒಂದು ವಾರ ತಡವಾಗಿ ಹುಟ್ಟಿದವರಿಗೆ ಸಿಕ್ಕಿತು! ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. ಎಷ್ಟು ಒಳ್ಳೆಯ ಹೋಲಿಕೆ, ಅಲ್ವಾ? ಏಳು ವರ್ಷಗಳಲ್ಲಿ, ಹಾಕಿಸಿಕೊಂಡವರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಸುಮಾರು 20% ಕಡಿಮೆ. ಹೆಂಗಸರಲ್ಲಿ ಲಾಭ ಜಾಸ್ತಿ. ಕಾರಣ ಇನ್ನೂ ಬಗೆಹರಿದಿಲ್ಲ.

ಇಲ್ಲಿ ಸಿಗುವ ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್ ಬೇರೆ ಬಗೆಯದು, ಎರಡು ಡೋಸ್, ದುಬಾರಿ ಕೂಡ. ಸುಮ್ನೆ ಈ ಮೆಸೇಜ್ ನೋಡಿ ಓಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಸಂಜೆ 5ಕ್ಕೆ, ನಮ್ಮ ಸೊಸೈಟಿ ಹಾಲ್‌ನಲ್ಲಿ. ಮನೆಯ ಹಿರಿಯರನ್ನು ಖಂಡಿತ ಕರೆತನ್ನಿ.